ಜಗಳ ಎಣಿಸಲು ಹೊರಟವರು

ಸೋಷಿಯಲ್ ಮೀಡಿಯಾ ಬಗ್ಗೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳ ಗೂಗಲ್ ಫಾರ್ಮ್ ಒಂದನ್ನಾದರೂ ನೀವು ತುಂಬಿರುತ್ತೀರಿ. ವಯಸ್ಸು, ಲಿಂಗ, ದಿನಕ್ಕೆ ಎಷ್ಟು ಗಂಟೆ ಫೋನ್ ನೋಡುತ್ತೀರಿ. ಆಮೇಲೆ ಮುಖ್ಯ ಪ್ರಶ್ನೆ: ‘ಸೋಷಿಯಲ್ ಮೀಡಿಯಾದಿಂದ ಸಂಘರ್ಷ ಹೆಚ್ಚುತ್ತಿದೆ ಎಂದು ನಿಮಗೆ ಅನ್ನಿಸುತ್ತದೆಯೇ?’ ನಾವು ಸುಮ್ನೆ ‘ಹೌದು’ ಒತ್ತಿ ಕಳಿಸುತ್ತೇವೆ. ಒಂದು ತಿಂಗಳ ನಂತರ ಅದು ಬಣ್ಣದ ಪೈ ಚಾರ್ಟ್ ಆಗುತ್ತದೆ. ಚಾರ್ಟ್‌ನ ಕೆಳಗೆ ತೀರ್ಮಾನವೂ ಬರುತ್ತದೆ: ಸಂಘರ್ಷಕ್ಕೆ ಸೋಷಿಯಲ್ ಮೀಡಿಯಾವೇ ಕಾರಣ.

ಆದರೆ ಆ ಚಾರ್ಟ್‌ನಲ್ಲಿ ಜಗಳ ಎಲ್ಲಿದೆ? ಅಲ್ಲಿರುವುದು ಜಗಳದ ಬಗ್ಗೆ ಜನರಿಗಿರುವ ಅನಿಸಿಕೆ. ಅದೂ ಫಾರ್ಮ್ ಕಳಿಸಿದವರ ಗೆಳೆಯರದು, ಗೆಳೆಯರ ಗೆಳೆಯರದು. ಮಳೆ ಎಷ್ಟು ಬಂತು ಅಂತ ಹತ್ತು ಜನರನ್ನು ಕೇಳಿದ ಹಾಗಾಯಿತು. ನೆನೆದವರು ಜೋರು ಮಳೆ ಅನ್ನುತ್ತಾರೆ, ಮನೆಯೊಳಗಿದ್ದವರು ಹನಿ ಬಿತ್ತಷ್ಟೇ ಅನ್ನುತ್ತಾರೆ.

ಇದನ್ನು ವಿದ್ಯಾರ್ಥಿಗಳ ಮೇಲಿನ ದೂರಾಗಿ ಹೇಳುತ್ತಿಲ್ಲ. ಒಂದು ಸೆಮಿಸ್ಟರ್‌ನಲ್ಲಿ, ಕೈಯಲ್ಲಿ ಕಾಸಿಲ್ಲದೆ, ಗೈಡ್ ಕೇಳಿದ ಸ್ಯಾಂಪಲ್ ಸೈಜ್ ತುಂಬಿಸಬೇಕೆಂದರೆ ಗೂಗಲ್ ಫಾರ್ಮೇ ಗತಿ. ಆದರೆ ಇದೇ ವಿಷಯದಲ್ಲಿ ತಜ್ಞರ ಲೆಕ್ಕಾಚಾರವನ್ನೇ ಬದಲಿಸಿದ ಕೆಲವು ಕೆಲಸಗಳನ್ನು ಮಾಡಿದವರೂ ವಿದ್ಯಾರ್ಥಿಗಳೇ. ಅವರು ಏನನ್ನು ಬೇರೆ ಥರ ಮಾಡಿದರು ಅಂತ ನೋಡುವುದು ಲಾಭದ ಕೆಲಸ.

ಮೊದಲಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗ. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜಸ್ಟಿನ್ ಚೆಂಗ್ ಮತ್ತು ಜೊತೆಗಾರರು ಇದನ್ನು 2017ರಲ್ಲಿ ಪ್ರಕಟಿಸಿದರು. ಅವರ ಪ್ರಶ್ನೆ ಚಿಕ್ಕದು. ಟ್ರೋಲ್ ಮಾಡುವವರು ಬೇರೆಯೇ ಥರದ ಜನರೋ, ಅಥವಾ ಯಾರು ಬೇಕಾದರೂ ಟ್ರೋಲ್ ಆಗಬಹುದೋ? ಇದನ್ನು ಜನರ ಹತ್ತಿರ ಕೇಳಿದರೆ ಉಪಯೋಗವಿಲ್ಲ. ‘ನಾನು ಟ್ರೋಲ್’ ಅಂತ ಯಾರು ಒಪ್ಪಿಕೊಳ್ಳುತ್ತಾರೆ? ಹಾಗಾಗಿ ಅವರು ಕೇಳಲಿಲ್ಲ, ಮಾಡಿಸಿ ನೋಡಿದರು.

ಆನ್‌ಲೈನ್‌ನಲ್ಲಿ 667 ಜನರನ್ನು ಸೇರಿಸಿ, ಮೊದಲು ಒಂದು ಕ್ವಿಜ್ ಕೊಟ್ಟರು. ಕೆಲವರಿಗೆ ಸುಲಭದ್ದು, ಕೆಲವರಿಗೆ ತಲೆ ಕೆಡಿಸುವಂಥದ್ದು. ಕಷ್ಟದ್ದು ಸಿಕ್ಕವರಿಗೆ ‘ನೀವು ಚೆನ್ನಾಗಿ ಮಾಡಲಿಲ್ಲ’ ಅಂತ ಬೇರೆ ಹೇಳಿದರು. ಮೂಡ್ ಕೆಡಿಸುವುದೇ ಅದರ ಉದ್ದೇಶ. ಆಮೇಲೆ ಎಲ್ಲರಿಗೂ ಒಂದು ರಾಜಕೀಯ ಲೇಖನ ಕೊಟ್ಟು, ಕೆಳಗೆ ಕಾಮೆಂಟ್ ಬರೆಯಲು ಹೇಳಿದರು. ಅಲ್ಲಿ ಮೊದಲೇ ಮೂರು ಕಾಮೆಂಟ್ ಇದ್ದವು. ಕೆಲವರಿಗೆ ಕಂಡದ್ದು ಸಾಧಾರಣ ಮಾತು, ಕೆಲವರಿಗೆ ಕಂಡದ್ದು ಬೈಗುಳ.

ಮೂಡೂ ಚೆನ್ನಾಗಿದ್ದು ಮೊದಲ ಕಾಮೆಂಟ್‌ಗಳೂ ಸರಿಯಿದ್ದಾಗ ಶೇ. 35ರಷ್ಟು ಜನ ಟ್ರೋಲ್ ಅನ್ನಬಹುದಾದ ಮಾತು ಬರೆದರು. ಎರಡರಲ್ಲಿ ಒಂದು ಕೆಟ್ಟರೆ ಅದು ಸುಮಾರು ಶೇ. 50ಕ್ಕೆ ಹೋಯಿತು. ಎರಡೂ ಕೆಟ್ಟರೆ ಶೇ. 68. (ಎಲ್ಲ ಸರಿ ಇದ್ದಾಗಲೇ ಶೇ. 35 ಅನ್ನುವುದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.) ಇದರ ಜೊತೆಗೆ ಸಿಎನ್‌ಎನ್ ಸುದ್ದಿತಾಣದ 1 ಕೋಟಿ 60 ಲಕ್ಷ ಕಾಮೆಂಟ್‌ಗಳನ್ನೂ ಅವರು ಜಾಲಾಡಿದರು. ರಾತ್ರಿ ಹೊತ್ತಾದಂತೆ, ವಾರದ ಆರಂಭದ ದಿನಗಳಲ್ಲಿ, ಅಂದರೆ ಜನ ಸಾಮಾನ್ಯವಾಗಿ ಬೇಸರದಲ್ಲಿರುವ ಹೊತ್ತಿನಲ್ಲೇ, ಕೆಟ್ಟ ಕಾಮೆಂಟ್ ಜಾಸ್ತಿ. ಒಬ್ಬರು ಮುಂದೆ ಏನು ಬರೆಯುತ್ತಾರೆ ಅಂತ ಊಹಿಸಲು ಅವರ ಹಳೆಯ ದಾಖಲೆಗಿಂತ, ಆ ಚರ್ಚೆಯಲ್ಲಿ ಅವರ ಮುಂಚೆ ಬಂದ ಮಾತು ಹೆಚ್ಚು ನೆರವಾಯಿತು.

ಇಲ್ಲಿ ಗಮನಿಸಬೇಕಾದದ್ದು, ‘ಸೋಷಿಯಲ್ ಮೀಡಿಯಾ’ ಅನ್ನುವ ಇಡೀ ಆನೆಯನ್ನು ಅವರು ಹಿಡಿಯಲು ಹೋಗಲಿಲ್ಲ. ಮೂಡ್ ಒಂದು, ಮೊದಲ ಮೂರು ಕಾಮೆಂಟ್ ಇನ್ನೊಂದು. ಎರಡನ್ನೇ ತಿರುಗಿಸಿ ನೋಡಿದರು. ಅದರಿಂದ ಕೆಲಸಕ್ಕೆ ಬರುವ ಮಾತೂ ಸಿಕ್ಕಿತು. ಜನರನ್ನು ಬ್ಯಾನ್ ಮಾಡುವುದೊಂದೇ ದಾರಿಯಲ್ಲ, ಯಾವ ಕಾಮೆಂಟ್ ಮೇಲೆ ಕಾಣಬೇಕು ಅನ್ನುವುದನ್ನು ಬದಲಿಸಿದರೂ ಜಗಳ ತಗ್ಗಬಹುದು.

ಈಗ ಇದಕ್ಕೆ ಅಷ್ಟು ಸುಲಭವಾಗಿ ಹೊಂದದ ಇನ್ನೊಂದು ಅಧ್ಯಯನ. ಈ ವಿಷಯದ ಮೇಲೆ ಥೀಸಿಸ್ ಬರೆಯುವವರಲ್ಲಿ ಬಹುತೇಕರು ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಹೇಳಿದ ಮಾತನ್ನು ಉಲ್ಲೇಖಿಸುತ್ತಾರೆ. ಮುಖ ಕಾಣುವುದಿಲ್ಲ, ಹೆಸರು ಹೇಳಬೇಕಿಲ್ಲ, ಉತ್ತರ ಆಗಲೇ ಬರುವುದಿಲ್ಲ, ಹಾಗಾಗಿ ಎದುರಿಗೆ ಆಡದ ಮಾತು ಪರದೆಯ ಹಿಂದೆ ಸಲೀಸಾಗಿ ಬರುತ್ತದೆ ಅನ್ನುವ ವಾದ ಅದು. ಕೇಳಲು ಸರಿಯಾಗಿಯೇ ಇದೆ. ಆದರೆ ಡೆನ್ಮಾರ್ಕ್‌ನ ಆರ್ಹಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬೋರ್ ಮತ್ತು ಮೈಕೆಲ್ ಬ್ಯಾಂಗ್ ಪೀಟರ್ಸನ್ ಅಮೆರಿಕ ಮತ್ತು ಡೆನ್ಮಾರ್ಕ್‌ನ ಜನರ ಮೇಲೆ ಸಾಲು ಸಾಲು ಅಧ್ಯಯನ ಮಾಡಿ, 2022ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ರಾಜಕೀಯ ಮಾತಾಡುವಾಗ ಆನ್‌ಲೈನ್‌ನಲ್ಲಿ ಒರಟಾಗಿರುವವರು ಎದುರಾಬದುರು ಕೂತಾಗಲೂ ಒರಟರೇ. ಪರದೆ ಅವರನ್ನು ಬದಲಿಸಲಿಲ್ಲ, ಹೆಚ್ಚು ಜನರಿಗೆ ಕಾಣುವ ಹಾಗೆ ಮಾಡಿತು ಅಷ್ಟೆ. ಒಂದು ಕೋಣೆಯೊಳಗೆ ಯಾರೋ ಕೂಗಾಡಿದರೆ ಆ ಕೋಣೆಯಲ್ಲಿದ್ದವರಿಗೆ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಕೂಗಾಡಿದರೆ ಎಲ್ಲರಿಗೂ ಗೊತ್ತು.

ಹಾಗಾದರೆ ಯಾರು ಸರಿ? ಯಾರು ಬೇಕಾದರೂ ಟ್ರೋಲ್ ಆಗಬಹುದು ಅನ್ನುವವರೋ, ಕೆಲವೇ ಜನ ಎಲ್ಲ ಕಡೆ ಒರಟರು ಅನ್ನುವವರೋ? ನನ್ನ ಪ್ರಕಾರ ಇಬ್ಬರೂ ಅಳೆದದ್ದು ಒಂದೇ ವಸ್ತುವನ್ನಲ್ಲ. ಚೆಂಗ್ ತಂಡ ನೋಡಿದ್ದು ಆ ಕ್ಷಣದ ಒಂದು ಕಾಮೆಂಟ್. ಬೋರ್ ಮತ್ತು ಪೀಟರ್ಸನ್ ನೋಡಿದ್ದು ಹೆಚ್ಚಾಗಿ ಒಬ್ಬರ ಒಟ್ಟಾರೆ ನಡವಳಿಕೆ, ಅದೂ ಅವರೇ ಹೇಳಿಕೊಂಡದ್ದು. ಮೂಡ್ ಕೆಟ್ಟಾಗ ಒಮ್ಮೆ ಚುಚ್ಚುವವರು ಬೇರೆ, ಅದನ್ನೇ ರೂಢಿ ಮಾಡಿಕೊಂಡವರು ಬೇರೆ. ‘ಆನ್‌ಲೈನ್ ಸಂಘರ್ಷ’ ಅಂತ ಒಂದೇ ಹೆಸರಿಟ್ಟರೆ ಇವೆರಡೂ ಕಲಸಿಹೋಗುತ್ತವೆ. ಥೀಸಿಸ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ಸಂಘರ್ಷ ಅಂದರೆ ಏನು? ಭಿನ್ನಾಭಿಪ್ರಾಯವೋ, ಬೈಗುಳವೋ, ಬೆದರಿಕೆಯೋ, ಗುಂಪು ಕಟ್ಟಿಕೊಂಡು ಒಬ್ಬರ ಮೇಲೆ ಬೀಳುವುದೋ? ನಾಲ್ಕೂ ಬೇರೆ ಬೇರೆ. ಭಿನ್ನಾಭಿಪ್ರಾಯವನ್ನೂ ಸಂಘರ್ಷದ ಲೆಕ್ಕಕ್ಕೆ ಸೇರಿಸಿದರೆ, ಜನ ಆರೋಗ್ಯಕರವಾಗಿ ವಾದ ಮಾಡುವ ಜಾಗವೇ ಅತಿ ಕೆಟ್ಟ ಜಾಗವಾಗಿ ಕಾಣುತ್ತದೆ.

ಗುಂಪು ಜಗಳದ ಲೆಕ್ಕವನ್ನೂ ಸ್ಟ್ಯಾನ್‌ಫರ್ಡ್‌ನ ಸಂಶೋಧಕರ ತಂಡವೊಂದು ಮಾಡಿದೆ. ವಿಷಯಕ್ಕೊಂದು ಗುಂಪಿರುವ ರೆಡಿಟ್ ಎಂಬ ಚರ್ಚಾತಾಣದ 36,000 ಗುಂಪುಗಳ 40 ತಿಂಗಳ ಮಾತುಕತೆ ತೆಗೆದುಕೊಂಡು, ಯಾವ ಗುಂಪಿನವರು ಯಾವ ಗುಂಪಿಗೆ ನುಗ್ಗಿ ಗಲಾಟೆ ಮಾಡಿದರು ಅಂತ ನೋಡಿದರು. 2018ರಲ್ಲಿ ಬಂದ ಫಲಿತಾಂಶ: ಶೇ. 74ರಷ್ಟು ಜಗಳ ಶುರು ಮಾಡಿದ್ದು ಶೇ. 1ಕ್ಕಿಂತ ಕಡಿಮೆ ಗುಂಪುಗಳು. ಇನ್ನೂ ಒಂದು ಸಂಗತಿ ಸಿಕ್ಕಿತು. ಕಿಡಿ ಹಚ್ಚುವವರು ತಮ್ಮ ಗುಂಪಿನಲ್ಲಿ ತುಂಬ ಸಕ್ರಿಯರಾಗಿರುವವರು. ಹೋಗಿ ಜಗಳ ಮಾಡುವವರು ಅಷ್ಟೇನೂ ಸಕ್ರಿಯರಲ್ಲ. ನುಗ್ಗಿದವರಿಗೆ ದಾಳಿಗೆ ಒಳಗಾದ ಗುಂಪಿನವರು ನೇರವಾಗಿ ಉತ್ತರ ಕೊಟ್ಟಾಗ ಆ ಗುಂಪಿಗೆ ಆದ ಹಾನಿ ಕಡಿಮೆ. ‘ಟ್ರೋಲ್‌ಗಳಿಗೆ ಉತ್ತರ ಕೊಡಬೇಡಿ’ ಅನ್ನುವ ನಮ್ಮ ಹಳೆಯ ಬುದ್ಧಿಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ ಅಂತಾಯಿತು, ಅಲ್ವಾ?

ಉತ್ತರ ಕೊಡುವುದಾದರೆ ಯಾರು ಕೊಡಬೇಕು? ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗ ಕೆವಿನ್ ಮಂಗರ್ ಇದನ್ನೇ ಪರೀಕ್ಷಿಸಿದರು. ಟ್ವಿಟರ್‌ನಲ್ಲಿ ಕಪ್ಪು ಜನರ ಬಗೆಗಿನ ಕೀಳು ಪದ ಬಳಸಿ ಇತರರನ್ನು ಕಾಡುತ್ತಿದ್ದ ಬಿಳಿಯ ಗಂಡಸರನ್ನು ಹುಡುಕಿದರು. ತಮ್ಮ ಕೈಯಲ್ಲಿದ್ದ ಬಾಟ್ ಖಾತೆಗಳಿಂದ, ಅಂದರೆ ನಿಜ ವ್ಯಕ್ತಿಯದಲ್ಲದ ಖಾತೆಗಳಿಂದ, ಅವರಿಗೆ ಒಂದೇ ಸಾಲಿನ ಬುದ್ಧಿಮಾತು ಕಳಿಸಿದರು. ನಿನ್ನ ಮಾತಿನಿಂದ ನಿಜವಾದ ಮನುಷ್ಯರಿಗೆ ನೋವಾಗುತ್ತದೆ ನೋಡು, ಅನ್ನುವ ಅರ್ಥದ್ದು. ಮಾತು ಎಲ್ಲ ಖಾತೆಗಳದ್ದೂ ಒಂದೇ, ಮುಖ ಬೇರೆ ಬೇರೆ. ಕೆಲವು ಖಾತೆಗಳಲ್ಲಿ ಬಿಳಿಯನ ಚಿತ್ರ, ಕೆಲವುಗಳಲ್ಲಿ ಕಪ್ಪು ವ್ಯಕ್ತಿಯದು. ಕೆಲವಕ್ಕೆ ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಸೇರಿಸಿದ್ದರು, ಕೆಲವಕ್ಕೆ ಹೆಚ್ಚು ಕಡಿಮೆ ಯಾರೂ ಇರಲಿಲ್ಲ. ತುಂಬ ಫಾಲೋವರ್ ಇದ್ದ ಬಿಳಿಯನ ಖಾತೆ ಹೇಳಿದಾಗ ಮಾತ್ರ ಆ ಪದದ ಬಳಕೆ ಗಣನೀಯವಾಗಿ ಇಳಿಯಿತು. ಹೇಳಿದ್ದೇನು ಅನ್ನುವುದಕ್ಕಿಂತ ಹೇಳಿದವರು ಯಾರು ಅನ್ನುವುದೇ ಕೆಲಸ ಮಾಡಿತು. ಓದಲು ಖುಷಿ ಕೊಡುವ ಫಲಿತಾಂಶವಲ್ಲ ಇದು. ಆದರೆ ಯಾವ ಗೂಗಲ್ ಫಾರ್ಮ್‌ನಲ್ಲೂ ಇದು ಸಿಗುತ್ತಿರಲಿಲ್ಲ.

ಆನ್‌ಲೈನ್ ಜಗಳ ಪರದೆ ದಾಟಿ ಬೀದಿಗೆ ಬರುತ್ತದೆಯೇ ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಅದಕ್ಕೆ ಕೈ ಹಾಕಿದವರು ಕಾರ್ಸ್ಟನ್ ಮ್ಯುಲರ್ ಮತ್ತು ಕಾರ್ಲೊ ಶ್ವಾರ್ಟ್ಸ್, ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. 2015ರಿಂದ 2017ರವರೆಗೆ ಜರ್ಮನಿಯಲ್ಲಿ ನಿರಾಶ್ರಿತರ ಮೇಲೆ ನಡೆದ ದಾಳಿಗಳನ್ನೂ, ಅಲ್ಲಿನ ವಲಸೆ ವಿರೋಧಿ ಪಕ್ಷ ಎಎಫ್‌ಡಿಯ ಫೇಸ್‌ಬುಕ್ ಪುಟದಲ್ಲಿ ನಿರಾಶ್ರಿತರ ವಿರುದ್ಧ ಬಂದ ಪೋಸ್ಟ್‌ಗಳನ್ನೂ ಪಕ್ಕಪಕ್ಕ ಇಟ್ಟರು. ಪೋಸ್ಟ್ ಜಾಸ್ತಿಯಾದ ವಾರಗಳಲ್ಲಿ, ಫೇಸ್‌ಬುಕ್ ಬಳಕೆ ಹೆಚ್ಚಿದ್ದ ಕಡೆ ದಾಳಿಯೂ ಜಾಸ್ತಿ ಇತ್ತು. ಇಷ್ಟೇ ಆಗಿದ್ದರೆ ಇನ್ನೊಂದು ಪೈ ಚಾರ್ಟ್ ಆಗುತ್ತಿತ್ತು. ದ್ವೇಷ ಇರುವ ಕಡೆ ಪೋಸ್ಟೂ ಇರುತ್ತದೆ, ದಾಳಿಯೂ ಇರುತ್ತದೆ, ಒಂದರಿಂದ ಇನ್ನೊಂದು ಬಂತು ಅಂತ ಹೇಗೆ ಹೇಳುವುದು? ಅವರು ಇಂಟರ್ನೆಟ್ ಕೈಕೊಟ್ಟ ಜಾಗಗಳನ್ನು ಹುಡುಕಿದರು. ದ್ವೇಷ ಇದ್ದಲ್ಲೇ ಇದೆ, ಫೇಸ್‌ಬುಕ್ ಮಾತ್ರ ಇಲ್ಲ. ಅಲ್ಲಿ ಪೋಸ್ಟ್‌ಗೂ ದಾಳಿಗೂ ಇದ್ದ ನಂಟು ಮಾಯವಾಯಿತು. ಜಾಣ ಉಪಾಯ.

ಇದೇ ಅಧ್ಯಯನ ಇನ್ನೊಂದು ಪಾಠವನ್ನೂ ಕೊಡುತ್ತದೆ. ಯಾವ ಊರಿನಲ್ಲಿ ಎಷ್ಟು ಜನ ಫೇಸ್‌ಬುಕ್ ಬಳಸುತ್ತಾರೆ ಅನ್ನುವ ಲೆಕ್ಕವನ್ನು ಕಂಪನಿ ಕೊಡುವುದಿಲ್ಲ. ಹಾಗಾಗಿ ಇವರು ನುಟೆಲ್ಲಾದ ಜರ್ಮನಿ ಪುಟದಲ್ಲಿ ಲೈಕ್, ಕಾಮೆಂಟ್ ಮಾಡಿದವರು ಎಲ್ಲಿಯವರು ಅಂತ ನೋಡಿ ಅಂದಾಜು ಮಾಡಿದರು. ಹೌದು, ಬ್ರೆಡ್ಡಿಗೆ ಸವರುವ ಆ ಚಾಕೊಲೇಟೇ. ರಾಜಕೀಯದ ಬಣ್ಣವಿಲ್ಲದ, ಎಲ್ಲರೂ ಇಷ್ಟಪಡುವ ಪುಟ ಬೇಕಿತ್ತು, ಅದು ಸಿಕ್ಕಿತು. 2018ರಲ್ಲಿ ಪತ್ರಿಕೆಗಳು ಇದನ್ನು ಫೇಸ್‌ಬುಕ್ ದಾಳಿ ಮಾಡಿಸುತ್ತದೆ ಅನ್ನುವಷ್ಟು ಖಚಿತವಾಗಿ ಬರೆದಾಗ, ಇತರರು ಈ ನುಟೆಲ್ಲಾ ಅಳತೆಯನ್ನೇ ಹಿಡಿದು ಪ್ರಶ್ನಿಸಿದರು. ಟೀಕೆ ದಾಟಿ, ತಿದ್ದಿಸಿಕೊಂಡು, 2021ರಲ್ಲಿ ಪ್ರಬಂಧ ಜರ್ನಲ್‌ನಲ್ಲಿ ಬಂತು. ಅಳತೆ ಹೇಗೆ ಮಾಡಿದ್ದು ಅನ್ನುವುದನ್ನು ಮುಚ್ಚಿಡದೆ ಬರೆದಿದ್ದರಿಂದಲೇ ಆ ಟೀಕೆ ಸಾಧ್ಯವಾಯಿತು.

ಅಳತೆಯ ಬಗ್ಗೆ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. ಟ್ವೀಟ್‌ನಲ್ಲಿ ನೈತಿಕ ಆವೇಶದ ಪದ ಒಂದೊಂದು ಹೆಚ್ಚಿದಂತೆ ಅದು ಹರಡುವುದು ಸುಮಾರು ಶೇ. 20ರಷ್ಟು ಹೆಚ್ಚುತ್ತದೆ ಎಂದು 2017ರಲ್ಲಿ ವಿಲಿಯಂ ಬ್ರೇಡಿ ಮತ್ತು ಜೊತೆಗಾರರು ಹೇಳಿದ್ದರು. ತುಂಬ ಪ್ರಸಿದ್ಧವಾದ ಸಂಖ್ಯೆ ಇದು. 2021ರಲ್ಲಿ ಜೇಸನ್ ಬರ್ಟನ್ ಮತ್ತಿಬ್ಬರು ಇದೇ ಥರದ ಲೆಕ್ಕವನ್ನು ಬೇಕೆಂತಲೇ ಅಸಂಬದ್ಧವಾದ ಒಂದು ಅಂಶದ ಮೇಲೆ ಓಡಿಸಿದರು. ಟ್ವೀಟ್‌ನಲ್ಲಿ ಇಂಗ್ಲಿಷಿನ ಎಕ್ಸ್, ವೈ, ಝಡ್ ಅಕ್ಷರಗಳು ಎಷ್ಟಿವೆ ಅಂತ ಎಣಿಸಿದರು. ಅದೂ ಹರಡುವಿಕೆಯನ್ನು ಊಹಿಸುತ್ತದೆ ಅಂತ ಬಂತು! ಬ್ರೇಡಿ ಕಡೆಯವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ, ವಾದ ಮುಗಿದಿಲ್ಲ. ಆವೇಶದ ಮಾತು ಹರಡುತ್ತದೆ ಅನ್ನುವುದು ಸುಳ್ಳು ಅಂತ ಇದರ ಅರ್ಥವಲ್ಲ. ಲಕ್ಷಾಂತರ ಟ್ವೀಟ್ ಕೈಯಲ್ಲಿದ್ದಾಗ ಏನನ್ನು ಎಣಿಸಿದರೂ ಏನೋ ಒಂದು ಸಿಗುತ್ತದೆ. ಅದಕ್ಕೇ ಎಚ್ಚರ ಬೇಕು.

ಪದ ಎಣಿಸುವುದರಲ್ಲಿ ಇನ್ನೂ ದೊಡ್ಡ ಅಪಾಯ ಇದೆ, ಅರ್ಥ ತಪ್ಪುವುದು. ಸಾಫ್ಟ್‌ವೇರ್‌ಗೆ ‘ಸಾಯಿಸ್ತೀನಿ’ ಅನ್ನುವುದು ಬೆದರಿಕೆ. ಇಬ್ಬರು ಗೆಳೆಯರ ನಡುವೆ ಅದು ತಮಾಷೆ. ಷಿಕಾಗೋದ ಗ್ಯಾಂಗ್‌ಗಳ ನಡುವೆ ಸಿಕ್ಕಿಕೊಂಡ ಹುಡುಗ ಹುಡುಗಿಯರ ಟ್ವೀಟ್‌ಗಳನ್ನು ಆಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಡೆಸ್ಮಂಡ್ ಪ್ಯಾಟನ್ ಅವರ ತಂಡ ಅಧ್ಯಯನ ಮಾಡಿತು. ಅಲ್ಲಿ ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು ಒಂದೊಂದೇ ಟ್ವೀಟ್ ಓದಿ ಗುರುತು ಹಾಕುತ್ತಿದ್ದರು. ಬೆದರಿಕೆ ಅಂತ ಕಂಡದ್ದು ಹಾಡಿನ ಸಾಲಾಗಿರಬಹುದು. ಅದಕ್ಕಾಗಿ ಅದೇ ಬೀದಿಗಳಲ್ಲಿ ಬೆಳೆದ ಯುವಕರನ್ನೇ ಅರ್ಥ ಹೇಳಲು ಕರೆದರು. ಹಾಗೆ ಓದಿದಾಗ ಕಂಡದ್ದು: ಆಪ್ತರನ್ನು ಕಳೆದುಕೊಂಡ ದುಃಖದ ಮಾತು ಮೊದಲು ಬರುತ್ತದೆ. ಸುಮಾರು ಎರಡು ದಿನದೊಳಗೆ ಅದು ಸಿಟ್ಟಿನ ಮಾತಿಗೆ ತಿರುಗುತ್ತದೆ. ಬೈಗುಳದ ಪದಗಳನ್ನಷ್ಟೇ ಹುಡುಕಿದ್ದರೆ ಆ ದುಃಖದ ಟ್ವೀಟ್ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಯಾರಾದರೂ ಹೋಗಿ ಸಮಾಧಾನ ಹೇಳಬಹುದಾದದ್ದು ಆ ಎರಡು ದಿನಗಳಲ್ಲೇ.

ಇನ್ನು ನೈತಿಕತೆಯ ವಿಚಾರ. ಪ್ರಾಜೆಕ್ಟ್ ವರದಿಗಳಲ್ಲಿ ಇದಕ್ಕೆ ಸಿಗುವುದು ಅರ್ಧ ಪುಟ. ‘ಮಾಹಿತಿ ಸಾರ್ವಜನಿಕವಾಗಿತ್ತು, ಆದ್ದರಿಂದ ಅನುಮತಿ ಬೇಕಿರಲಿಲ್ಲ’ ಅನ್ನುವ ಒಂದು ಸಾಲು. ಇದೇ ಸಾಲು ಹೇಳಿ ಸಿಕ್ಕಿಬಿದ್ದವರಿದ್ದಾರೆ. 2016ರಲ್ಲಿ ಡೆನ್ಮಾರ್ಕ್‌ನ ವಿದ್ಯಾರ್ಥಿಯೊಬ್ಬ ಜೊತೆಗಾರರೊಂದಿಗೆ ಸೇರಿ ಓಕೆಕ್ಯುಪಿಡ್ ಡೇಟಿಂಗ್ ತಾಣದ ಸುಮಾರು 70,000 ಬಳಕೆದಾರರ ಮಾಹಿತಿಯನ್ನು ಎತ್ತಿ ಎಲ್ಲರಿಗೂ ಸಿಗುವ ಹಾಗೆ ಹಾಕಿದ. ಯೂಸರ್‌ನೇಮ್, ವಯಸ್ಸು, ಲೈಂಗಿಕ ಒಲವು, ತೀರಾ ಖಾಸಗಿ ಪ್ರಶ್ನೆಗಳಿಗೆ ಕೊಟ್ಟ ಉತ್ತರ, ಎಲ್ಲ ಇತ್ತು. ಕೇಳಿದಾಗ ಉತ್ತರ ಅದೇ: ಅದೆಲ್ಲ ಆಗಲೇ ಸಾರ್ವಜನಿಕ. ಅದಕ್ಕೂ ಮೊದಲು, 2008ರಲ್ಲಿ, ಒಂದು ಕಾಲೇಜಿನ 1,640 ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿಯನ್ನು ಹೆಸರು ತೆಗೆದು ಸಂಶೋಧಕರಿಗೆಂದು ಬಿಡುಗಡೆ ಮಾಡಿದರು. ಕಾಲೇಜಿನ ಹೆಸರನ್ನೂ ಮುಚ್ಚಿದ್ದರು. ಮೈಕಲ್ ಝಿಮ್ಮರ್ ಎಂಬ ಸಂಶೋಧಕರು ಡೇಟಾ ತೆರೆಯದೆ, ಅದರ ವಿವರಣೆ ಪುಸ್ತಿಕೆಯನ್ನೂ ಹೊರಗೆ ಎಲ್ಲರಿಗೂ ಸಿಗುತ್ತಿದ್ದ ಮಾಹಿತಿಯನ್ನೂ ನೋಡಿಯೇ ಅದು ಹಾರ್ವರ್ಡ್ ಕಾಲೇಜು ಅಂತ ಕಂಡುಹಿಡಿದರು. ಆ ಮಾಹಿತಿ ತೆಗೆದವರು ಅದೇ ಕಾಲೇಜಿನ ಸಂಶೋಧನಾ ಸಹಾಯಕರು. ಹೊರಗಿನವರಿಗೆ ಕಾಣದ ಪ್ರೊಫೈಲ್‌ಗಳು ಅವರಿಗೆ ಕಂಡಿರಬಹುದಿತ್ತು. ಹಾಗಾದರೆ ಅದು ‘ಸಾರ್ವಜನಿಕ’ ಹೇಗಾಯಿತು?

ಜಗಳದ ಅಧ್ಯಯನದಲ್ಲಿ ಈ ಸಮಸ್ಯೆ ಇನ್ನೂ ಚುರುಕು. ಯಾರೋ ಸಿಟ್ಟಿನಲ್ಲಿ ಬರೆದು, ಬೆಳಿಗ್ಗೆ ಅಳಿಸಿದ ಕಾಮೆಂಟ್ ನಿಮ್ಮ ಅನುಬಂಧದಲ್ಲಿ ಶಾಶ್ವತವಾಗಿ ಕೂರುತ್ತದೆ. ಹೆಸರು ತೆಗೆದರೂ ಸಾಲಿದ್ದ ಹಾಗೇ ಇದ್ದರೆ ಹುಡುಕಿ ಹಿಡಿಯಬಹುದು. ಅದಕ್ಕೇ ಅನೇಕರು ಸಾಲನ್ನು ಸ್ವಲ್ಪ ಮಾರ್ಪಡಿಸಿ ಬರೆಯುತ್ತಾರೆ.

ಇನ್ನು ಕೆಲವರು ನೋಡುವುದಷ್ಟೇ ಅಲ್ಲ, ಮಾತಿನ ಮಧ್ಯೆ ಕೈಯನ್ನೇ ಹಾಕುತ್ತಾರೆ. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ರೆಡಿಟ್‌ನ ‘ಚೇಂಜ್ ಮೈ ವ್ಯೂ’ ಗುಂಪಿನಲ್ಲಿ ಎಐ ಬರೆದ 1,700ಕ್ಕೂ ಹೆಚ್ಚು ಕಾಮೆಂಟ್‌ಗಳನ್ನು ಯಾರಿಗೂ ಹೇಳದೆ ಹಾಕಿದ್ದು 2025ರ ಏಪ್ರಿಲ್‌ನಲ್ಲಿ ಬಯಲಾಯಿತು. ಬಾಟ್‌ಗಳು ಅತ್ಯಾಚಾರಕ್ಕೆ ಒಳಗಾದವರ ವೇಷವನ್ನೂ ಹಾಕಿದ್ದವು. ಪರಸ್ಪರ ಒಪ್ಪದವರು ಸಭ್ಯವಾಗಿ ವಾದ ಮಾಡಲೆಂದೇ ಇರುವ ಗುಂಪು ಅದು. ತಾವು ಇಷ್ಟು ದಿನ ಮನಸ್ಸು ಬಿಚ್ಚಿ ಮಾತಾಡಿದ್ದು ಯಂತ್ರದ ಜೊತೆ ಅಂತ ಗೊತ್ತಾದಾಗ ಅಲ್ಲಿನವರಿಗೆ ಹೇಗಾಗಿರಬೇಡ! ಸಂಶೋಧಕರು ಫಲಿತಾಂಶ ಪ್ರಕಟಿಸದಿರಲು ನಿರ್ಧರಿಸಿದರು. ಮಂಗರ್ ಕೂಡ ಬಾಟ್ ಬಳಸಿದ್ದರಲ್ಲ, ವ್ಯತ್ಯಾಸ ಏನು? ಆಗಲೇ ಇತರರನ್ನು ಕಾಡುತ್ತಿದ್ದವರಿಗೆ ಒಂದು ಸಾಲು ಹೇಳುವುದಕ್ಕೂ, ನಂಬಿಕೆಯಿಂದ ಕೂತವರ ನಡುವೆ ಸುಳ್ಳು ನೋವಿನ ಕಥೆ ಹೇಳುವುದಕ್ಕೂ ಅಂತರ ಇದೆ ಅಂತ ನನ್ನ ಅನಿಸಿಕೆ. ಆದರೆ ಮಂಗರ್ ಪ್ರಯೋಗವನ್ನೂ ಇವತ್ತಿನ ನೈತಿಕ ಸಮಿತಿ ಸುಲಭವಾಗಿ ಬಿಡಲಿಕ್ಕಿಲ್ಲ.

ಇಷ್ಟೆಲ್ಲ ಓದಿದ ವಿದ್ಯಾರ್ಥಿಗೆ ಕೊನೆಗೆ ಎದುರಾಗುವುದು ಮುಚ್ಚಿದ ಬಾಗಿಲು. ಟ್ವಿಟರ್ 2021ರಲ್ಲಿ ಸಂಶೋಧಕರಿಗೆ ತಿಂಗಳಿಗೆ 1 ಕೋಟಿ ಟ್ವೀಟ್‌ವರೆಗೆ ಪುಕ್ಕಟೆ ಕೊಡುತ್ತಿತ್ತು. 2023ರಲ್ಲಿ ಅದು ನಿಂತಿತು. ಅದೇ ವರ್ಷ ರೆಡಿಟ್ ಕೂಡ ಬೆಲೆ ಕಟ್ಟಿತು. ಫೇಸ್‌ಬುಕ್ ಪುಟಗಳನ್ನು ಗಮನಿಸಲು ಎಲ್ಲರೂ ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ 2024ರ ಆಗಸ್ಟ್ 14ರಂದು ಮುಚ್ಚಿತು. ಯುರೋಪಿನಲ್ಲಿ ಡಿಜಿಟಲ್ ಸರ್ವಿಸಸ್ ಆಕ್ಟ್‌ನ 40ನೇ ವಿಧಿ ದೊಡ್ಡ ತಾಣಗಳಿಂದ ಸಂಶೋಧಕರಿಗೆ ಮಾಹಿತಿ ಕೊಡಿಸುತ್ತದೆ. ಆದರೆ ಒಳಗಿನ ಮಾಹಿತಿ ಬೇಕಾದರೆ ಅರ್ಜಿ, ಪರಿಶೀಲನೆ ಅಂತ ಹಾದಿ ಉದ್ದ, ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವಂಥದ್ದಲ್ಲ. ವಾಟ್ಸಾಪ್ ಗುಂಪಿನೊಳಗಿನ ಜಗಳವಂತೂ ಹೊರಗಿನಿಂದ ಕಾಣುವುದೇ ಇಲ್ಲ.

ಹಾಗಂತ ಮತ್ತೆ ಗೂಗಲ್ ಫಾರ್ಮ್‌ಗೇ ಹೋಗಬೇಕಿಲ್ಲ. ಬಾಗಿಲು ಮುಚ್ಚಿದ್ದರಿಂದ ಸಣ್ಣ ಅಧ್ಯಯನಕ್ಕೆ ಈಗ ಬೆಲೆ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ಬಳಕೆದಾರರು ತಮ್ಮದೇ ಮಾಹಿತಿಯನ್ನು ತಾಣದಿಂದ ಡೌನ್‌ಲೋಡ್ ಮಾಡಿಕೊಳ್ಳಬಹುದು. ಇಪ್ಪತ್ತು ಜನ ಒಪ್ಪಿ ಅದನ್ನು ಕೊಟ್ಟರೆ ಅದೇ ಒಂದು ಗಣಿ. ಅಥವಾ ಒಂದೇ ಒಂದು ಜಗಳವನ್ನು ಮೊದಲ ಕಾಮೆಂಟ್‌ನಿಂದ ಕೊನೆಯವರೆಗೆ ಓದಬಹುದು. ಎಷ್ಟನೇ ಉತ್ತರದಲ್ಲಿ ಮಾತು ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಹೋಯಿತು? ಹೊರಗಿನಿಂದ ಬಂದವರು ಯಾವಾಗ ಸೇರಿದರು? ಯಾರು ಸುಮ್ಮನೆ ಎದ್ದು ಹೋದರು? ಎದ್ದು ಹೋದವರ ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. ಒಂದೇ ಚರ್ಚೆಯನ್ನು ರಾತ್ರಿ ಒಮ್ಮೆ, ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ದಾಖಲಿಸಿದರೆ, ಅಡ್ಮಿನ್ ಅಳಿಸಿದ್ದೆಷ್ಟು, ಬರೆದವರೇ ಅಳಿಸಿದ್ದೆಷ್ಟು ಅನ್ನುವ ಅಂದಾಜೂ ಸಿಗುತ್ತದೆ. ಒಂದೇ ಸಲ ನೋಡಿದವರಿಗೆ ಸಿಗುವುದು ಗುಡಿಸಿದ ಮೇಲಿನ ಅಂಗಳ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ನೂರು ಕಾಮೆಂಟ್ ತೆಗೆದುಕೊಂಡು ಇಬ್ಬರು ಬೇರೆ ಬೇರೆ ಕೂತು, ಯಾವುದು ವಾದ, ಯಾವುದು ಬೈಗುಳ, ಯಾವುದು ಬೆದರಿಕೆ ಅಂತ ಗುರುತು ಹಾಕುವುದು. ಆಮೇಲೆ ಹೋಲಿಸಿ ನೋಡುವುದು. ಇಬ್ಬರೂ ಒಪ್ಪದ ಕಾಮೆಂಟ್‌ಗಳು ಖಂಡಿತ ಇರುತ್ತವೆ, ಅವುಗಳ ಬಗ್ಗೆ ಅವರಿಬ್ಬರ ನಡುವೆಯೇ ಸಣ್ಣ ಜಗಳವೂ ಆಗಬಹುದು. ಸಾಮಾನ್ಯವಾಗಿ ಆ ಹಾಳೆಯನ್ನು ಎಸೆದು, ಒಪ್ಪಿದ ಕಾಮೆಂಟ್‌ಗಳನ್ನಷ್ಟೇ ವರದಿಗೆ ಸೇರಿಸುತ್ತಾರೆ. ನನ್ನ ಕೈಗೆ ಬಂದರೆ ನಾನು ಮೊದಲು ಓದುವುದು ಆ ಹಾಳೆಯನ್ನೇ.